ಚೆಂಬೂರಿನ ನಕಾಶೆಗೆ ಕೈ ಹಾಕಿದವರು

1915ರಲ್ಲಿ ಮುಂಬಯಿಯಲ್ಲಿ ಎರಡು ಸಂಗತಿಗಳು ನಡೆದವು. ಸರ್ಕಾರ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆಯನ್ನು ತಂದಿತು. ಹೊಲ ಗದ್ದೆಗಳು ಮನೆಗಳಾಗುವ ಮುನ್ನವೇ ರಸ್ತೆ ಎಲ್ಲಿ, ನಿವೇಶನ ಎಲ್ಲಿ, ಬಯಲು ಎಲ್ಲಿ ಎಂದು ಗೆರೆ ಎಳೆಯುವ ಅಧಿಕಾರ ಅದರಿಂದ ಬಂತು. ಅದೇ ವರ್ಷ ಗಾಮ್‌ದೇವಿಯಲ್ಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಕೆನರಾ ಸೀಮೆಯಿಂದ ನೌಕರಿ ಹುಡುಕಿ ಬಂದು ಬಾಡಿಗೆ ಕೋಣೆಗಳಲ್ಲಿ ದಿನ ದೂಡುತ್ತಿದ್ದ ಚಿತ್ರಾಪುರ ಸಾರಸ್ವತರು ಶ್ರೀಪಾದ ಸುಬ್ರಾವ್ ತಾಲ್ಮಕಿ ಅವರ ಮುಂದಾಳತ್ವದಲ್ಲಿ ಹಣ ಕೂಡಿಸಿ ತಮ್ಮ ಕಟ್ಟಡವನ್ನು ತಾವೇ ಕಟ್ಟಿಕೊಂಡರು. ಕನ್ನಡ ನಾಡಿಗೆ ಈ ದಾರಿ ಹೊಸದೇನೂ ಆಗಿರಲಿಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರ ಸಹಕಾರ ಸಂಘ ಕಟ್ಟಿದ್ದರು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿಕೊಳ್ಳುವವರ ಸಹಕಾರ ಸಂಘವೊಂದು ಶುರುವಾಗಿತ್ತು.

ಒಂದು ಕಡೆ ಸರ್ಕಾರದ ಕೈಯಲ್ಲಿ ನಕಾಶೆ, ಇನ್ನೊಂದು ಕಡೆ ವಾಸಿಸುವವರ ಕೈಯಲ್ಲಿ ಠರಾವು ಪುಸ್ತಕ. ಈ ಎರಡೂ ಸಂಧಿಸಿದ ಕಡೆ ಊರು ಚೆನ್ನಾಗಿ ಬೆಳೆಯುತ್ತದೆ, ನಕಾಶೆ ಒಂದೇ ಓಡಾಡಿದ ಕಡೆ ಜನ ಕಾಯಿಲೆ ಬೀಳುತ್ತಾರೆ. ಇದಕ್ಕೆ ಸಾಕ್ಷಿ ಹುಡುಕುವವರು ದೂರ ಹೋಗಬೇಕಿಲ್ಲ, ಚೆಂಬೂರಿನಲ್ಲಿ ಇಳಿದರೆ ಸಾಕು.

ನಕಾಶೆಯ ಕಥೆ ಪ್ಲೇಗಿನಿಂದ ಶುರುವಾಗುತ್ತದೆ. 1896ರ ಪ್ಲೇಗು ಮುಂಬಯಿಯ ಕತ್ತಲೆ ಗಲ್ಲಿಗಳನ್ನು ಬೆತ್ತಲೆ ಮಾಡಿತು. 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಒಂದೆಡೆ ಹಳೆಯ ಮನೆಗಳನ್ನು ಕೆಡವಿತು, ಇನ್ನೊಂದೆಡೆ ದಾದರ್, ಮಾಟುಂಗಾಗಳನ್ನು ಅಳೆದು ಬಿಡಿಸಿತು. ಕೆಡವಿದ್ದಷ್ಟು ವೇಗವಾಗಿ ಕಟ್ಟಲಿಲ್ಲ, ಹಾಗಾಗಿ ಹೊರಬಿದ್ದ ಬಡವರು ಪಕ್ಕದ ಚಾಳುಗಳಿಗೇ ನುಗ್ಗಿ ಅವನ್ನೂ ತುಂಬಿಸಿದರು. ಈ ಬಗೆಯ ಕೆಡವುವಿಕೆಯನ್ನು ಗಟ್ಟಿಯಾಗಿ ವಿರೋಧಿಸಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. ಜೀವಶಾಸ್ತ್ರ ಕಲಿತು ನಗರಗಳತ್ತ ತಿರುಗಿದ ಇವರು 1914ರಲ್ಲಿ ಭಾರತಕ್ಕೆ ಬಂದರು, 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರಾದರು. ಮೊದಲು ಗಲ್ಲಿ ಗಲ್ಲಿ ನಡೆದು ನೋಡಿ, ಅಲ್ಲಿನವರನ್ನು ಕೇಳಿ, ಎಷ್ಟು ಕಡಿಮೆ ಕೆಡವಲು ಸಾಧ್ಯವೋ ಅಷ್ಟೇ ಕೆಡವಿ ಎಂಬುದು ಅವರ ಪಾಠ.

ಇಂದೋರಿನಲ್ಲಿ ಅವರು ಮಾಡಿದ್ದನ್ನು ಇಲ್ಲಿ ಹೇಳಲೇಬೇಕು. ನಗರ ಯೋಜನೆಯವನು ಬಂದ, ಇನ್ನು ಮನೆ ಹೋಯಿತು ಎಂದು ಅಲ್ಲಿನ ಜನ ಹೆದರಿದ್ದರು. ಊರಲ್ಲಿ ಪ್ಲೇಗು ಬೇರೆ. ಗೆಡ್ಡೆಸ್ ಮಹಾರಾಜರಿಂದ ಒಂದು ದಿನದ ರಾಜ್ಯಭಾರ ಕೇಳಿ ಪಡೆದರು. ದೀಪಾವಳಿಯ ಮೆರವಣಿಗೆ ಈ ಸಲ ವಾಡಿಕೆಯ ದಾರಿಯಲ್ಲಿ ಹೋಗದು, ಯಾವ ಬೀದಿಯವರು ಹೆಚ್ಚು ಮನೆಗಳನ್ನು ದುರಸ್ತಿ ಮಾಡಿ, ಗುಡಿಸಿ, ಸುಣ್ಣ ಬಳಿದಿರುತ್ತಾರೋ ಆ ಬೀದಿಗೆ ಬರುತ್ತದೆ ಎಂದು ಸಾರಿದರು. ವರ್ಷಗಳ ಕಸ ಗಾಡಿಗಟ್ಟಲೆ ಹೊರಬಂತು. ಮೆರವಣಿಗೆಯ ಕೊನೆಗೆ ಪ್ಲೇಗಿನ ಇಲಿಯ ಪ್ರತಿಕೃತಿ ಸುಟ್ಟರು. ಆದೇಶದಿಂದ ಆಗದ ಕೆಲಸ ಬೀದಿಯವರ ಪೈಪೋಟಿಯಿಂದ ಆಯಿತು. ಇಷ್ಟು ವರ್ಷಗಳ ನಂತರವೂ ನಮ್ಮ ಪಾಲಿಕೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಚೆಂಬೂರು ಆಗ ಟ್ರಾಂಬೆ ಕಡೆಯ ಹಳ್ಳಿಗಳ ಒಂದು ಗುಂಪು. ಘಾಟ್ಲಾ, ಬೋರ್ಲಾ, ಮಾಹುಲಿನ ಮೀನುಗಾರರ ಕೋಳಿವಾಡೆ, ಸುತ್ತ ಗದ್ದೆ, ಉಪ್ಪಿನಾಗರ. ಕುರ್ಲಾದಿಂದ ಇಲ್ಲಿಗೆ 1906ರಲ್ಲಿ ಹಾಕಿದ ರೈಲು ಹಳಿ ಕಸ ಸಾಗಿಸಲೆಂದು ಹಾಕಿದ್ದು. ಪ್ರಯಾಣಿಕರು ಹತ್ತಿದ್ದು 1924ರಲ್ಲಿ. ನಡುವೆ 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಸ್ಥಾಪಿಸಿದರು. ವರ್ಲಿ, ನಾಯ್‌ಗಾಂವ್‌ಗಳ ಬಿಡಿಡಿ ಚಾಳುಗಳು ಅದರವು. ಚೆಂಬೂರನ್ನು ತೋಟದ ಉಪನಗರ ಮಾಡುವ ಸಬರ್ಬನ್ ಸ್ಕೀಮ್ ಕೂಡ ಅದರದೇ. ಹತ್ತನೇ ರಸ್ತೆ, ಹದಿನೈದನೇ ರಸ್ತೆ, ಹದಿನೆಂಟನೇ ರಸ್ತೆ ಎಂದು ಅಂಕಿ ಹೊತ್ತ ಬೀದಿಗಳು, ಸೆಂಟ್ರಲ್ ಅವೆನ್ಯೂ, ಮನೆಯ ಸುತ್ತ ಬಿಡಬೇಕಾದ ಜಾಗ, ಎಲ್ಲ ಆ ಕಾಲದ ಗೆರೆಗಳು. ಆದರೆ ತೋಟದ ಊರು ಬಿಡಿಸಿದ ಅದೇ ದಶಕದಲ್ಲಿ, 1927ರಲ್ಲಿ, ಪಕ್ಕದ ದೇವನಾರ್ ನಗರದ ಕಸದ ಮೈದಾನವಾಯಿತು. ದೇವನಾರಿನವರನ್ನು ಯಾರೂ ಕೇಳಿರಲಿಲ್ಲ.

ಗೆರೆ ಎಳೆದ ಮಾತ್ರಕ್ಕೆ ಊರಾಗುವುದಿಲ್ಲ. ಆ ಖಾಲಿ ನಿವೇಶನಗಳನ್ನು ಊರು ಮಾಡಿದ್ದು ಸೊಸೈಟಿಗಳು. ಬಾಂದ್ರಾದಲ್ಲಿ 1918ರಲ್ಲಿ ಸಾಲ್ಸೆಟ್ ಕ್ಯಾಥೊಲಿಕ್ ಸೊಸೈಟಿ ಹಾಕಿಕೊಟ್ಟ ಮಾದರಿಯಲ್ಲೇ ಇಲ್ಲಿ ಸೇಂಟ್ ಆಂಥನೀಸ್ ಹೋಮ್ಸ್ ಬಂತು. ದೇಶ ವಿಭಜನೆಯಾದಾಗ ನಿರಾಶ್ರಿತರ ಶಿಬಿರ ಬಿದ್ದದ್ದು ಚೆಂಬೂರಿನಲ್ಲಿ. ಊರಿನ ಒಂದು ಭಾಗ ಇಂದಿಗೂ ಚೆಂಬೂರ್ ಕ್ಯಾಂಪ್. ಎಲ್ಲ ಬಿಟ್ಟು ಬಂದ ಸಿಂಧಿಗಳು ಕೆಲವೇ ವರ್ಷಗಳಲ್ಲಿ ತಮ್ಮದೇ ಸೊಸೈಟಿ ಮಾಡಿಕೊಂಡರು. ಮಾಟುಂಗಾ ತುಂಬಿದ ಮೇಲೆ ತಮಿಳರು, ಮಲಯಾಳಿಗಳು, ತುಳುವರು, ಕನ್ನಡಿಗರು ಇತ್ತ ಸರಿದರು. ಛೆಡಾ ನಗರದಲ್ಲಿ ದೇವಸ್ಥಾನಗಳು ಎದ್ದವು. ಘಾಟ್ಲಾದಲ್ಲಿ ಚೆಂಬೂರು ಕರ್ನಾಟಕ ಸಂಘ ಶಾಲೆ ಕಟ್ಟಿತು, ಕಾನೂನು ಕಾಲೇಜನ್ನೂ ತೆರೆಯಿತು. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಮುಂಬಯಿ ಕನ್ನಡಿಗರ ಪರಂಪರೆಯಲ್ಲಿ ಇಂಥ ಸಂಘದ ಕಟ್ಟಡಕ್ಕೆ ಇರುವ ಬೆಲೆಯನ್ನು ಹೊರಗಿನವರು ಅಳೆಯಲಾರರು.

ಸೊಸೈಟಿಯ ಜನರಲ್ ಬಾಡಿ ಮೀಟಿಂಗಿನಲ್ಲಿ ಕುಳಿತವರಿಗೆ ಗೊತ್ತು, ಅಲ್ಲಿ ಸುಲಭಕ್ಕೆ ಏನೂ ಆಗದು. ನೀರಿನ ಟ್ಯಾಂಕು ತೊಳೆಸುವ ವಿಷಯಕ್ಕೆ ಒಂದು ಗಂಟೆ, ಕಾಂಪೌಂಡಿನ ನೇರಳೆ ಮರದ ಕೊಂಬೆ ಕಡಿಯುವ ವಿಷಯಕ್ಕೆ ಇನ್ನೊಂದು ಗಂಟೆ. ಸೆಕ್ರೆಟರಿ ಲೆಕ್ಕ ಓದುತ್ತಾರೆ, ನೆಲಮಹಡಿಯ ಅಜ್ಜಿ ಎದ್ದು ನಿಂತು ಲಿಫ್ಟಿನ ಖರ್ಚು ನಾನೇಕೆ ಕೊಡಲಿ ಎನ್ನುತ್ತಾರೆ, ನಾಲ್ಕನೇ ಮಹಡಿಯವರು ಉತ್ತರ ಕೊಡುತ್ತಾರೆ. ಬೇಸರ ಬರುತ್ತದೆ ನಿಜ. ಆದರೂ ಆ ಮರ ಉಳಿಯುವುದು ಈ ಬೇಸರದ ಸಭೆಯಿಂದಲೇ. ಹತ್ತು ಜನ ಒಪ್ಪದೆ ಒಬ್ಬ ಅದನ್ನು ಕಡಿಯಲಾರ. ಮಳೆನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಗೆ ಮಧ್ಯಾಹ್ನದ ಬಿಸಿಲು ಬರುತ್ತದೆ, ಮಕ್ಕಳು ಎಲ್ಲಿ ಕ್ರಿಕೆಟ್ ಆಡುತ್ತಾರೆ ಎಂಬುದು ಇಂಜಿನಿಯರರಿಗಿಂತ ಈ ಸಭೆಗೆ ಚೆನ್ನಾಗಿ ಗೊತ್ತು.

ಈ ತಿಳಿವಳಿಕೆ ಗೇಟಿನಾಚೆ ಬರಲು ಹೊಗೆ ಕಾರಣವಾಯಿತು. 1950ರ ದಶಕದ ಮಧ್ಯದಲ್ಲಿ ಮಾಹುಲಿನಲ್ಲಿ ಎರಡು ತೈಲ ಶುದ್ಧೀಕರಣ ಕಾರ್ಖಾನೆಗಳು ಬಂದವು, ಮುಂದೆ ಗೊಬ್ಬರದ ಕಾರ್ಖಾನೆ. ಇತ್ತ ದೇವನಾರಿನ ಕಸಕ್ಕೆ ಆಗಾಗ ಬೆಂಕಿ. ಮಕ್ಕಳ ಕೆಮ್ಮು ಲೆಕ್ಕ ಹಾಕುತ್ತಿದ್ದ ಚೆಂಬೂರಿನ ವೈದ್ಯರು, ನಿವಾಸಿಗಳು ಸೇರಿ ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಮ್ ಕಟ್ಟಿ ಹೈಕೋರ್ಟ್ ಮೆಟ್ಟಿಲೇರಿದರು. ವಾಹನಗಳ ಹೊಗೆಯ ಮೇಲೆ ಈ ವೇದಿಕೆ 1999ರಲ್ಲಿ ಹೂಡಿದ ಅರ್ಜಿಯ ದಾರಿಯಲ್ಲೇ ಮುಂಬಯಿಯ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಇಡೀ ನಗರ ಇಂದು ಉಸಿರಾಡುವ ಗಾಳಿಯಲ್ಲಿ ಈ ನೆರೆಹೊರೆಯವರ ಪಾಲಿದೆ.

ಅದೇ ಕಾಲಕ್ಕೆ ಪಕ್ಕದ ಘಾಟ್‌ಕೋಪರಿನ ಜೋಶಿ ಲೇನಿನವರು ತಮ್ಮ ಬೀದಿಯ ಕಸವನ್ನು ತಾವೇ ಬೇರ್ಪಡಿಸತೊಡಗಿದರು. ಪಾಲಿಕೆ ಅದನ್ನು ಅಡ್ವಾನ್ಸ್ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್ ಎಂಬ ಯೋಜನೆಯಾಗಿ ಎಲ್ಲ ವಾರ್ಡುಗಳಿಗೆ ಹಬ್ಬಿಸಿತು. ಚೆಂಬೂರಿನ ಬೀದಿಗಳೂ ಅದಕ್ಕೆ ಸೇರಿದವು. ಇದರಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಸ್ತ್ರೀ ಮುಕ್ತಿ ಸಂಘಟನೆಯ ಕೆಲಸ. ಜ್ಯೋತಿ ಮ್ಹಾಪ್ಸೇಕರ್ ಮತ್ತು ಗೆಳತಿಯರು 1975ರಲ್ಲಿ ಕಟ್ಟಿದ ಈ ಸಂಘಟನೆ 1998ರಿಂದ ಪರಿಸರ್ ವಿಕಾಸ್ ಎಂಬ ಕಾರ್ಯಕ್ರಮದಡಿ ಚಿಂದಿ ಆಯುವ ಹೆಂಗಸರಿಗೆ ತರಬೇತಿ ಕೊಟ್ಟು ಸೊಸೈಟಿಗಳ ಜೊತೆ ಕೂರಿಸಿತು. ಟ್ರಾಂಬೆಯ ಭಾಭಾ ಪರಮಾಣು ಕೇಂದ್ರದಲ್ಲಿ ರೂಪುಗೊಂಡ ನಿಸರ್ಗಋಣ ಗೊಬ್ಬರ ಅನಿಲ ಘಟಕಗಳನ್ನು ನಡೆಸಲು ಅವರೇ ಕಲಿತರು. ಗೇಟಿನ ಹೊರಗೆ ನಿಂತು ಬೈಸಿಕೊಳ್ಳುತ್ತಿದ್ದವರು ಗುರುತಿನ ಚೀಟಿ ಹಾಕಿಕೊಂಡು ಒಳಗೆ ಬಂದದ್ದು ಯಾವ ಉದ್ಯಾನಕ್ಕಿಂತಲೂ ದೊಡ್ಡ ಸುಧಾರಣೆ.

ಚೆಂಬೂರು ಆಡಳಿತದ ಭಾಷೆಯಲ್ಲಿ ಎಂ-ಪಶ್ಚಿಮ ವಾರ್ಡು. ಹಾರ್ಬರ್ ಲೈನಿನಲ್ಲಿ ಮುಂದಿನ ನಿಲ್ದಾಣ ಗೋವಂಡಿ. ಅದು ಎಂ-ಪೂರ್ವ. ಮುಂಬಯಿಯ 2009ರ ಮಾನವ ಅಭಿವೃದ್ಧಿ ವರದಿ ನಗರದ 24 ವಾರ್ಡುಗಳಲ್ಲಿ ಇದಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟಿತು: 0.05. ರಸ್ತೆ ಅಗಲಿಸಲು, ರೈಲು ಹಳಿ ಹೆಚ್ಚಿಸಲು ಎಬ್ಬಿಸಿದ ಕುಟುಂಬಗಳನ್ನು ತಂದು ಇಲ್ಲಿಯ ಲಲ್ಲೂಭಾಯ್ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡಿನ ಕಟ್ಟಡಗಳಲ್ಲಿ ಇಳಿಸಲಾಯಿತು. ಪುನರ್ವಸತಿಯ ನಿಯಮಗಳನ್ನು ಸಡಿಲಿಸಿದ್ದರಿಂದ ಎರಡು ಕಟ್ಟಡಗಳ ನಡುವೆ ಉಳಿದ ಅಂತರ ಮೂರು ಮೀಟರ್. ಕೆಳಗಿನ ಮಹಡಿಗಳಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ಕಿಟಕಿ ತೆರೆದರೆ ಕಸದ ನಾತ. ಡಾಕ್ಟರ್ಸ್ ಫಾರ್ ಯೂ ಸಂಸ್ಥೆಯವರು ಮನೆ ಮನೆಗೆ ಹೋಗಿ ಕ್ಷಯರೋಗಿಗಳನ್ನು ಎಣಿಸಿ, ಬೆಳಕು ಗಾಳಿಯ ಲೆಕ್ಕದ ಪಕ್ಕ ಇಟ್ಟು ನೋಡಿದಾಗ ಎರಡಕ್ಕೂ ನಂಟಿರುವುದು ಕಂಡಿತು. ಅದೇ ವಾರ್ಡಿನಲ್ಲಿ ಹಿಂದೆ ಹೆಚ್ಚು ಅಂತರ ಬಿಟ್ಟು ಕಟ್ಟಿದ ಪಿಎಂಜಿಪಿ ಕಾಲನಿಯಲ್ಲಿ ರೋಗ ಕಡಿಮೆ. ಔಷಧಿ ಕೊಡಬೇಕಾದದ್ದು ರೋಗಿಗೆ ನಿಜ, ಆದರೆ ರೋಗ ತಂದದ್ದು ನಕಾಶೆ. ಆ ನಕಾಶೆ ಬಿಡಿಸುವಾಗ ಅಲ್ಲಿ ಬದುಕಬೇಕಾದ ಒಬ್ಬ ತಾಯಿಯನ್ನಾದರೂ ಕರೆದು ಕೇಳಿದ್ದರೆ, ಮಗುವಿನ ಬಟ್ಟೆ ಒಣಗಲು ಬಿಸಿಲೆಲ್ಲಿ ಎಂದು ಅವಳು ಮೊದಲ ದಿನವೇ ಕೇಳುತ್ತಿದ್ದಳು.

ಮಾಹುಲಿನದು ಇನ್ನೂ ಕಠೋರ. ಕಾರ್ಖಾನೆಗಳ ಮಗ್ಗುಲಲ್ಲಿ ಎದ್ದ 72 ಕಟ್ಟಡಗಳಿಗೆ ತಾನ್ಸಾ ನೀರಿನ ಕೊಳವೆಯ ಬದಿಯಿಂದ ಎಬ್ಬಿಸಿದವರನ್ನು ಸಾಗಿಸಿದರು. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಎಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಜನ ತಿಂಗಳುಗಟ್ಟಲೆ ಬೀದಿಯಲ್ಲಿ ಕುಳಿತು ಹೋರಾಡಿದ ಮೇಲೆ, ಅಲ್ಲಿ ಇರಲಾರದವರಿಗೆ ಬೇರೆಡೆ ಬಾಡಿಗೆ ಹಿಡಿಯಲು ತಿಂಗಳಿಗೆ 15,000 ರೂಪಾಯಿ ಕೊಡಬೇಕೆಂದು 2019ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು.

ಕಟ್ಟಿ ಮುಗಿದ ಮೇಲೆ ಎಷ್ಟು ತಿದ್ದಬಹುದು? ನಟವರ್ ಪಾರೇಖ್‌ನಲ್ಲಿ ಕಮ್ಯುನಿಟಿ ಡಿಸೈನ್ ಏಜೆನ್ಸಿಯ ವಾಸ್ತುಶಿಲ್ಪಿಗಳು ನಿವಾಸಿಗಳ ಜೊತೆ ಸೇರಿ ಸಣ್ಣದರಿಂದ ಶುರುಮಾಡಿದರು. ಸೋರುವ ಕೊಳವೆ, ಕಟ್ಟಡಗಳ ನಡುವೆ ಕೊಳೆಯುವ ಕಸ, ಹಾಳುಬಿದ್ದ ಅಂಗಳ. ಮಕ್ಕಳಿಗೆ ಏನು ಬೇಕೆಂದು ಮಕ್ಕಳನ್ನೇ ಕೇಳಿದಾಗ ಕಿತಾಬ್ ಮಹಲ್ ಎಂಬ ಗ್ರಂಥಾಲಯ ಹುಟ್ಟಿತು. 2023ರಲ್ಲಿ ಅಲ್ಲಿಯ ಹುಡುಗ ಹುಡುಗಿಯರು ಗೋವಂಡಿ ಕಲಾ ಉತ್ಸವ ನಡೆಸಿದರು. ಮೂರು ಮೀಟರಿನ ಅಂತರವನ್ನು ಯಾವ ಉತ್ಸವವೂ ಹಿಗ್ಗಿಸಲಾರದು. ಆದರೆ ಆ ಓಣಿ ಇನ್ನು ಕಸ ಎಸೆಯುವ ಜಾಗವಲ್ಲ ಎಂದು ತೀರ್ಮಾನಿಸಿದವರು ಅಲ್ಲಿ ವಾಸಿಸುವವರೇ.

ಇಡೀ ನಗರದ ಮಟ್ಟದಲ್ಲೂ ಒಮ್ಮೆ ಹೀಗೆ ನಡೆದಿದೆ. 2034ರವರೆಗಿನ ಅಭಿವೃದ್ಧಿ ಯೋಜನೆಯ ಕರಡು 2015ರ ಫೆಬ್ರವರಿಯಲ್ಲಿ ಹೊರಬಂದಾಗ ಜನ ತಮ್ಮ ತಮ್ಮ ವಾರ್ಡಿನ ಹಾಳೆ ಹರಡಿಕೊಂಡು ಕುಳಿತರು. ಇದ್ದ ಕಟ್ಟಡಗಳ ಮೇಲೆ ರಸ್ತೆ ಹಾದಿತ್ತು, ಕೋಳಿವಾಡೆ, ಗಾವ್‌ಠಾಣ್ ಎಂಬ ಹಳೆಯ ಹಳ್ಳಿಗಳ ಗುರುತೇ ಸರಿಯಿರಲಿಲ್ಲ. ಆಕ್ಷೇಪಗಳು ಸಾವಿರ ಸಾವಿರವಾಗಿ ಬಂದವು. ಎರಡು ತಿಂಗಳಲ್ಲಿ ಮುಖ್ಯಮಂತ್ರಿ ಕರಡನ್ನು ರದ್ದು ಮಾಡಿದರು. ತಿದ್ದಿ ಬರೆದ ಯೋಜನೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ.

ಈಗ ದೇವನಾರಿನ ಸರದಿ. 2024ರಲ್ಲಿ ರಾಜ್ಯ ಸಚಿವ ಸಂಪುಟ ಕಸದ ಮೈದಾನದ 124 ಎಕರೆಯನ್ನು ಧಾರಾವಿ ಪುನರಭಿವೃದ್ಧಿಗೆ ಕೊಡಲು ಒಪ್ಪಿದೆ. ಕಸದ ಬೆಟ್ಟ ಕರಗಿಸಿ ಅಲ್ಲಿ ಮನೆ ಕಟ್ಟುವ ಯೋಚನೆ ಇದು. ಸಿಮೆಂಟು ಬೀಳಲು ಇನ್ನೂ ಸಮಯವಿದೆ. ಕಟ್ಟಡಗಳ ನಡುವೆ ಎಷ್ಟು ಅಂತರ, ಶಾಲೆ ಎಲ್ಲಿ, ದವಾಖಾನೆ ಎಲ್ಲಿ, ನೆಲದಡಿಯ ಅನಿಲವನ್ನು ಯಾರು, ಎಷ್ಟು ಕಾಲ ಅಳೆಯುತ್ತಾರೆ ಎಂಬುದನ್ನು ಧಾರಾವಿಯಿಂದ ಬರಬೇಕಾದವರೂ, ಆ ಬೆಟ್ಟದ ಬುಡದಲ್ಲೇ ಇರುವ ಬೈಂಗನ್‌ವಾಡಿ, ಶಿವಾಜಿ ನಗರದವರೂ ಒಟ್ಟಿಗೆ ಕುಳಿತು ಕೇಳಬೇಕು. ಆ ಸಭೆಯನ್ನು ಪಾಲಿಕೆ ಈ ವರ್ಷವೇ ಕರೆಯಲಿ. ನೋಟೀಸು ಮರಾಠಿಯಲ್ಲಿ, ಹಿಂದಿಯಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಇರಲಿ. ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗುವಂತೆ ಸಂಜೆಯ ಹೊತ್ತಿಗೆ ಇಡಲಿ.