ಕಡಲಗಾಳಿಯೂ ನಮ್ಮ ಉಸಿರೂ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದವರು. ಆ ಭಾಗ್ಯದ ಮೊದಲ ಮೆಟ್ಟಿಲು ಶುದ್ಧವಾದ ಉಸಿರೆಂಬುದು ಮಾತ್ರ, ನೋಯ್ಡಾಕ್ಕೆ ಬಂದು ನೆಲೆಸಿದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ಮನವರಿಕೆಯಾಯಿತು. ಚಳಿಗಾಲದಲ್ಲಿ ಇಲ್ಲಿ ಗಾಳಿಯ ಚಲನೆಯೇ ಕುಂದುತ್ತದೆ. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತು, ವಾಹನಗಳ ಹೊಗೆ, ರಸ್ತೆಯ ಧೂಳು, ಸುಟ್ಟ ಕೂಳೆಯ ಮಸಿ ಯಾವುದನ್ನೂ ಮೇಲೇರಗೊಡುವುದಿಲ್ಲ.

ಈ ಮಾಲಿನ್ಯದಲ್ಲಿ ನಮ್ಮ ಮನೆಯ ದೀಪದ ಪಾಲೂ ಉಂಟು. ನಮ್ಮ ಗೌತಮ ಬುದ್ಧ ನಗರ ಜಿಲ್ಲೆಯ ದಾದ್ರಿಯಲ್ಲಿಯೇ 1,820 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಉರಿದಾಗ ಹೊರಡುವ ಗಂಧಕದ ಅನಿಲವು ವಾತಾವರಣದಲ್ಲಿ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ. ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದಾದ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಮಕ್ಕಳ ಉಬ್ಬಸವನ್ನೂ ವೃದ್ಧರ ಹೃದ್ರೋಗವನ್ನೂ ಉಲ್ಬಣಗೊಳಿಸುತ್ತವೆ.

ಇದ್ದಲನ್ನು ಸುಡದೆ ವಿದ್ಯುತ್ತನ್ನು ಪಡೆಯುವ ಬಗೆಯನ್ನು ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ನಾವು ಕಂಡಿದ್ದೇವೆ. ಅದೇ ಯಂತ್ರವನ್ನು ಕಡಲಿನಲ್ಲಿ ನಿಲ್ಲಿಸುವ ಪ್ರಯೋಗವನ್ನು ಡೆನ್ಮಾರ್ಕ್ ದೇಶವು 1991ರಲ್ಲಿ ವಿಂಡೆಬಿ ಎಂಬಲ್ಲಿ 11 ಯಂತ್ರಗಳಿಂದ ಆರಂಭಿಸಿತು. ಗುಡ್ಡ, ಮರ, ಕಟ್ಟಡಗಳ ಅಡ್ಡಿಯಿಲ್ಲದ್ದರಿಂದ ಕಡಲ ಮೇಲಿನ ಗಾಳಿ ಹೆಚ್ಚು ಬಲವಾಗಿಯೂ ಒಂದೇ ಸಮನಾಗಿಯೂ ಬೀಸುತ್ತದೆ.

ಭಾರತ ಸರ್ಕಾರವು 2015ರಲ್ಲಿ ಇದಕ್ಕಾಗಿ ನೀತಿಯೊಂದನ್ನು ರೂಪಿಸಿತು. 2017ರಲ್ಲಿ ಖಂಭಾತ್ ಕೊಲ್ಲಿಯಲ್ಲಿ ಲೇಸರ್ ಕಿರಣದಿಂದ ಗಾಳಿಯ ವೇಗವನ್ನು ಅಳೆಯುವ ಉಪಕರಣವನ್ನು ನಿಲ್ಲಿಸಲಾಯಿತು. 2024ರಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವಾಟ್ ಸ್ಥಾಪಿಸುವುದಕ್ಕೂ ಬಂದರುಗಳ ಸುಧಾರಣೆಗೂ ಒಟ್ಟು 7,453 ಕೋಟಿ ರೂಪಾಯಿಗಳ ನೆರವಿನ ಯೋಜನೆ ಮಂಜೂರಾಯಿತು. ಆದರೆ ಗುಜರಾತಿನ ಪಾಲಿಗೆ ಕರೆದಿದ್ದ ಟೆಂಡರು 2025ರಲ್ಲಿ ರದ್ದಾಯಿತು. ಕಡಲತಳದ ಅಡಿಪಾಯ, ನೀರಿನೊಳಗಿನ ಕೇಬಲ್, ವಿಶೇಷ ಹಡಗುಗಳು, ಉಪ್ಪುನೀರಿನ ತುಕ್ಕು ಇವುಗಳಿಂದ ಖರ್ಚು ನೆಲದ ಮೇಲಿನದಕ್ಕಿಂತ ಬಹಳ ಹೆಚ್ಚು. ಬೆಸ್ತರ ಪ್ರಶ್ನೆಯೂ ಸಣ್ಣದಲ್ಲ. ಸ್ತಂಭಗಳ ನಡುವೆ ಬಲೆ ಬೀಸುವುದೆಂತು? ಉಡುಪಿ, ಕಾರವಾರಗಳ ಕಡೆಯಿಂದ ಬಂದ ನಮ್ಮ ಬಂಧುಗಳಿಗೆ ಈ ಆತಂಕವನ್ನು ವಿವರಿಸಬೇಕಾಗಿಲ್ಲ. ಒಬ್ಬರ ಉಸಿರಿಗಾಗಿ ಇನ್ನೊಬ್ಬರ ಅನ್ನಕ್ಕೆ ಕುತ್ತು ಬರಬಾರದು.

ಇನ್ನೊಂದು ಮಾತು. ಆ ಕಡಲುಗಳ ಗಾಳಿಗೆ ಮುಂಗಾರಿನ ತಿಂಗಳುಗಳಲ್ಲಿ ಬಲ ಹೆಚ್ಚು; ನಮ್ಮ ಹೊಗೆ ದಟ್ಟವಾಗುವುದು ಚಳಿಗಾಲದಲ್ಲಿ. ಆದ್ದರಿಂದ ಕಡಲಗಾಳಿಯೊಂದೇ ನಮಗೆ ಸಂಜೀವಿನಿಯಾಗಲಾರದು. ಆದರೂ ಗಾಳಿಯಿಂದ ಬಂದ ವಿದ್ಯುತ್ತು ಯಾವ ತಿಂಗಳಿನದಾದರೂ ಅಷ್ಟರಮಟ್ಟಿಗೆ ಇದ್ದಲು ಸುಡುವುದು ತಪ್ಪುತ್ತದೆ.

ಅಲ್ಲಿಯವರೆಗೆ ನಮ್ಮ ಎಚ್ಚರಿಕೆ ನಮ್ಮ ಕೈಯಲ್ಲಿದೆ. ಹೊಗೆ ಕವಿದ ದಿನಗಳಲ್ಲಿ ಮುಂಜಾನೆಯ ವಾಯುಸೇವನೆಯನ್ನು ಬಿಡುವುದು, ಹೊರಗೆ ಹೋಗುವಾಗ ಎನ್-95 ಮುಖಗವಸನ್ನು ಧರಿಸುವುದು, ಉಬ್ಬಸವುಳ್ಳವರು ವೈದ್ಯರು ಹೇಳಿದ ಔಷಧಿಯನ್ನು ಸದಾ ಜೊತೆಯಲ್ಲಿರಿಸಿಕೊಳ್ಳುವುದು ಅವಶ್ಯ. ಬೇಡದ ದೀಪವನ್ನು ಆರಿಸುವುದೂ ಆರೋಗ್ಯರಕ್ಷಣೆಯೇ ಎಂಬುದನ್ನು ವಾಚಕ ಬಂಧುಗಳು ಮರೆಯದಿರಲಿ.