ಸ್ವಿಚ್ಚಿನ ಓಣಿ ಯಾವುದು?

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಪ್ರೆಸ್ಸಿನ ಹೊಸ್ತಿಲು ದಾಟಿದರೆ ಸಾಕು, ಶಾಯಿಯ ವಾಸನೆ ಮೂಗಿಗೆ ಅಡರುತ್ತದೆ. ಅಂದು ನಾನು ಲಗ್ನಪತ್ರಿಕೆಯ ಪ್ರೂಫ್ ನೋಡಲು ಹೋಗಿದ್ದೆ. ಪ್ರೂಫ್ ಯಾರಿಗೂ ಬೇಕಿರಲಿಲ್ಲ. ಎಲ್ಲರ ಕಣ್ಣೂ ಗೋಡೆಗೆ ಹೊಡೆದ 24 ಪೋರ್ಟಿನ ಹೊಸ ನೆಟ್‌ವರ್ಕ್ ಸ್ವಿಚ್ಚಿನ ಮೇಲೆ.

“ದೀಪ ಪಕಪಕ ಹತ್ತಾಕತ್ತಾವ, ಸೆಟ್ಟಿಂಗಿನ ಒಳಗ ಹೋಗಾಕ ಮಾತ್ರ ಬಿಡವಲ್ದು. ಕೆಟ್ಟ ಮಾಲು ಕೊಟ್ಟಾರ. ವಾಪಸ್ ಕಳಸೂದ ಚಲೋ” ಎಂದರು ಮಾಲಕರು. ಸಿಸಿ ಕ್ಯಾಮೆರಾಗಳನ್ನು ಲೆಕ್ಕಪತ್ರದ ಕಂಪ್ಯೂಟರಿನಿಂದ ಬೇರೆ ಮಾಡಬೇಕೆಂದೇ ಅವರು ಸೆಟ್ಟಿಂಗ್ ಬದಲಿಸಬಹುದಾದ ಇಂಥ ಸ್ವಿಚ್ ತರಿಸಿದ್ದು.

ಲಕ್ಷ್ಮೇಶ್ವರದ ಬಸ್ಸಿಳಿದು ಬಂದ ನೆಟ್‌ವರ್ಕ್ ರಿಪೇರಿಯ ಹುಡುಗ ಸ್ವಿಚ್ಚನ್ನು ಮುಟ್ಟಲೇ ಇಲ್ಲ. ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂದು ಒತ್ತಿದ. ಬಂದ ಐಪಿ ವಿಳಾಸವನ್ನು ರದ್ದಾದ ಲಗ್ನಪತ್ರಿಕೆಯ ಬೆನ್ನಿಗೆ ಬರೆದ: 192.168.1.105. ಸ್ವಿಚ್ಚಿನ ಡಬ್ಬಿಯೊಳಗಿದ್ದ ಚೀಟಿ ನೋಡಿ ಅದರ ಕೆಳಗೆ ಬರೆದ: 192.168.0.1. ಎರಡರ ಕೆಳಗೂ ಮಾಸ್ಕ್: 255.255.255.0. ಮೂರನೇ ಅಂಕಿಯ ಮುಂದೆ ಉದ್ದಕ್ಕೆ ಒಂದು ಗೆರೆ ಎಳೆದ.

“ಕೆಟ್ಟಿಲ್ರೀ ಸಾವ್ಕಾರ್ರ. 255 ಇದ್ದ ಕಡೆದು ಓಣಿ, ಸೊನ್ನಿ ಇದ್ದ ಕಡೆದು ಮನಿ ನಂಬರ್. ನಿಮ್ಮದು 1ನೇ ಓಣಿ, ಇದರದು 0 ಓಣಿ. ಬೆಟಗೇರಿ ಮನೀನ ಗದಗಿನ ಓಣ್ಯಾಗ ಹುಡುಕಿದಂಗ ಆಗೇತಿ.”

ಡಿಟಿಪಿ ಮಾಡುವ ಹುಡುಗಿ ಬಿಡಲಿಲ್ಲ: “ಮತ್ತ ಮುಂಜಾನಿಂದ ಪ್ರಿಂಟ್ ಹ್ಯಾಂಗ ಬರಾಕತ್ತಾವ?”

“ಟಪಾಲಿನವನ ಸ್ವಂತ ಮನಿ ಎಲ್ಲಿದ್ರೇನವ್ವಾ, ಕಾಗದ ಹಂಚೂದು ನಿಲ್ತೈತೇನು?” ಎಂದ. ಮಾತು ನಿಜ. ಸ್ವಿಚ್ಚು ಕಾಗದ ಹಂಚುವುದು ಯಂತ್ರಯಂತ್ರಕ್ಕೂ ಹುಟ್ಟಿನಿಂದ ಬಂದ ಮ್ಯಾಕ್ ವಿಳಾಸ ನೋಡಿ. ಸ್ವಿಚ್ಚಿನ ಐಪಿ ವಿಳಾಸ ಬೇಕಾಗುವುದು ನಾವು ಅದರ ಒಳಹೊಕ್ಕು ಸೆಟ್ಟಿಂಗ್ ಬದಲಿಸುವಾಗ.

ಅವನು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಸ್ವಿಚ್ಚಿಗೆ ಜೋಡಿಸಿ ಲ್ಯಾಪ್‌ಟಾಪಿಗೆ 192.168.0.50 ಎಂಬ ವಿಳಾಸ ಕೊಟ್ಟ. ಅತಿಥಿ ಎರಡು ನಿಮಿಷ ಆ ಓಣಿಯವನಾದ. ಸ್ವಿಚ್ಚಿನ ಸೆಟ್ಟಿಂಗ್ ಪುಟ ತಟ್ಟನೆ ತೆರೆಯಿತು. ರೂಟರ್ ತಾನಾಗಿ ಹಂಚುವ ನಂಬರುಗಳು 100ರಿಂದ ಮೇಲಿವೆ, 2ನೇ ನಂಬರು ಖಾಲಿ ಎಂದು ಮೊದಲೇ ನೋಡಿಕೊಂಡಿದ್ದ. ಸ್ವಿಚ್ಚಿಗೆ 192.168.1.2, ಗೇಟ್‌ವೇಗೆ ರೂಟರಿನ 192.168.1.1 ತುಂಬಿ ಒತ್ತಿದ. ಪುಟ ಸತ್ತುಹೋಯಿತು.

“ಹೋತೇನಪಾ?” ಮಾಲಕರ ದನಿ ಏರಿತು.

“ಹೋಗಿಲ್ರೀ, ಮನಿ ಬದಲಿ ಮಾಡೇತಿ.” ಲ್ಯಾಪ್‌ಟಾಪನ್ನು ಮತ್ತೆ ಆಟೋಮ್ಯಾಟಿಕ್‌ಗೆ ತಂದು ಹೊಸ ವಿಳಾಸ ಒತ್ತಿದ. ಪುಟ ಬಂತು. ‘ಸೇವ್’ ಒತ್ತಿದ. ಆಮೇಲೆ ಎಲ್ಲರೂ ಬೇಡ ಬೇಡ ಅನ್ನುತ್ತಿದ್ದಂತೆ ಸ್ವಿಚ್ಚಿನ ಪ್ಲಗ್ಗನ್ನೇ ಕಿತ್ತ, ಹತ್ತೆಣಿಸಿ ಮತ್ತೆ ಚುಚ್ಚಿದ. “ಮುಂಡರಗಿಯೊಳಗ ಒಂದ್ ಕಡೆ ಸೇವ್ ಒತ್ತೂದ ಮರ್ತಿದ್ದೆ. ಕರೆಂಟ್ ಹೋಗಿ ಬಂದ ಕೂಡ್ಲೆ ಹಳೇ ಓಣಿಗೇ ಹೋಗಿ ಕುಂತಿತ್ತು. ಮತ್ತ ಬಸ್ ಚಾರ್ಜು ನನ್ನ ಮೈಮ್ಯಾಲ.”

ಸ್ವಿಚ್ಚು ಈ ಸಲ 1ನೇ ಓಣಿಯಲ್ಲೇ ಎದ್ದಿತು. ಹೊಸ ವಿಳಾಸ ಬರೆದ ಚೀಟಿಯನ್ನು ಅದರ ನೆತ್ತಿಗೆ ಅಂಟಿಸಿ, ಚಹಾ ಕುಡಿದು, ಹುಡುಗ ಶಿರಹಟ್ಟಿ ಬಸ್ಸಿಗೆ ಓಡಿದ. ಅಲ್ಲೂ ಯಾರದೋ ಅಂಗಡಿಯಲ್ಲಿ ದೀಪ ಹತ್ತಿ ಬಾಗಿಲು ತೆರೆಯದ ಸ್ವಿಚ್ಚು ಕಾದಿತ್ತು.

192.168ರಿಂದ ಶುರುವಾಗುವ ನಂಬರುಗಳನ್ನು ಇಂಥ ಒಳಬಳಕೆಗೆಂದೇ ಬಿಟ್ಟಿದ್ದಾರೆ. ಆದರೆ ಕಾರ್ಖಾನೆ ಕೊಡುವ ವಿಳಾಸ ಕಂಪನಿಗೊಂದು ಥರ: ನೆಟ್‌ಗಿಯರ್‌ನ ಹಲವು ಸ್ವಿಚ್ಚುಗಳದು 192.168.0.239, ಡಿ-ಲಿಂಕ್‌ನ ಕೆಲವುಗಳದು 10.90.90.90. ಹೊಸ ಸ್ವಿಚ್ಚನ್ನು ಕೆಟ್ಟದ್ದೆಂದು ವಾಪಸ್ ಕಳಿಸುವ ಮೊದಲು ಡಬ್ಬಿಯೊಳಗಿನ ಚೀಟಿಯನ್ನೊಮ್ಮೆ ಓದಿ.