ಕಾಫಿ ಗಿಡದ ಕಾಂಡಕೊರಕ

ನೀಳಮೀಸೆಯ ದುಂಬಿಗಳ ಕುಲದಲ್ಲಿ 30,000ಕ್ಕೂ ಮೇಲ್ಪಟ್ಟು ಜಾತಿಗಳುಂಟು. ಮಾವಿನ ಮರವನ್ನು ಕೊರೆಯುವ ದೊಡ್ಡ ದುಂಬಿಯ ಮೀಸೆಯು ಅದರ ಮೈಗಿಂತಲೂ ಉದ್ದವಾದುದು. ಆದರೆ ಇದೇ ಕುಲಕ್ಕೆ ಸೇರಿದ ಕಾಫಿಯ ಕಾಂಡಕೊರಕಕ್ಕೆ ಮೀಸೆಯೇ ಮೋಟು! ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಗಳ ತೋಟಗಳಲ್ಲಿಯೂ ಪೂರ್ವಕ್ಕೆ ವಿಯೆಟ್ನಾಮಿನವರೆಗೂ ಕಾಣಬರುವ, ಬಿಳಿಯ ಪಟ್ಟೆಗಳುಳ್ಳ ಈ ಸಣ್ಣ ಕರಿಯ ಹುಳುವನ್ನು ನೋಡಿ ಹೆದರುವವರಾರು?

ಕೇಡೆಲ್ಲವೂ ಇದರ ಮರಿಯಿಂದ. ಏಪ್ರಿಲ್-ಮೇ ತಿಂಗಳುಗಳಲ್ಲಿಯೂ, ಪುನಃ ಅಕ್ಟೋಬರಿನಿಂದ ಡಿಸೆಂಬರಿನ ತನಕವೂ ಹೆಣ್ಣು ದುಂಬಿಯು ಅರೇಬಿಕಾ ಗಿಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು. ಮರಿಯು ತಿಂಗಳುಗಟ್ಟಲೆ ಕಾಂಡದೊಳಗೆ ಸುರಂಗ ಕೊರೆಯುತ್ತ, ಬಂದ ದಾರಿಯನ್ನು ಹೊಟ್ಟಿನಿಂದ ಬಿಗಿಯಾಗಿ ತುಂಬಿಬಿಡುವುದರಿಂದ ಔಷಧವು ಅದನ್ನು ಮುಟ್ಟುವುದು ದುಸ್ಸಾಧ್ಯ. ಎಳೆಯ ಗಿಡವು ವರ್ಷದೊಳಗೇ ಸಾಯಬಹುದು. ಹಳೆಯದು ಜೊಳ್ಳುಕಾಯಿ ಬಿಡುತ್ತ ಕೆಲಕಾಲ ನಿಂತಿರುವುದು. ತೊಗಟೆಯ ಮೇಲೆ ಏಣುಗಳೆದ್ದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದೊಂದೇ ಗತಿ.

ಈ ದುಂಬಿಗೆ ಬಿಸಿಲೆಂದರೆ ಬಲು ಪ್ರೀತಿ. ಹೆಚ್ಚು ಫಸಲಿನ ಆಸೆಗೆ ನೆರಳಿನ ಮರಗಳನ್ನು ಕಡಿಸುವವರು ಅದಕ್ಕೆ ತಾವೇ ಔತಣವೀಯುತ್ತಾರೆಂದು ನಾವು ಹೇಳದೆ ಇರಲಾರೆವು. ದುಂಬಿ ಹಾರುವ ಕಾಲಕ್ಕೆ ಮುಂಚೆ ಕಾಂಡದ ಒರಟು ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದರೆ ಮೊಟ್ಟೆಗೆ ತಾವಿರದು. ಗಿಡಗಿಡಕ್ಕೂ ಆಳಿನ ಕೈ ಬೇಕಾದ ಕೆಲಸವಿದು. ಒಳಗಿನ ಹಸುರು ಪದರಕ್ಕೆ ಮಾತ್ರ ಗಾಯವಾಗಕೂಡದು.